ಕೊನೇ ಮನೆಯ ಹಾಲು

ನಮ್ಮೂರ ಹಾಲಿನ ಸಂಘದಲ್ಲಿ ಹಾಲು ಅಳೆಯುವುದು ನನ್ನ ಹೆಂಡತಿಯ ಕೆಲಸ, ಪರೀಕ್ಷೆ ಮಾಡುವುದು ನನ್ನದು. ಬಾಗಿಲಲ್ಲಿ ಅವಳು, ಒಳಗೆ ಮೇಜಿನ ಹಿಂದೆ ನಾನು. ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಅವಳು ತೀರಿಕೊಂಡಳು. ಈಗ ಎರಡೂ ಕೆಲಸ ನಾನೇ ಮಾಡುತ್ತೇನೆ. ಒಂದೊಂದು ಸಲ ಅಭ್ಯಾಸಬಲದಿಂದ ಬಾಗಿಲ ಕಡೆ ಕೈ ಚಾಚಿಬಿಡುತ್ತೇನೆ, ಸ್ಯಾಂಪಲ್ ಬಾಟಲಿಗೆ. ಬಾಟಲಿ ನನ್ನ ಇನ್ನೊಂದು ಕೈಯಲ್ಲೇ ಇರುತ್ತದೆ.

ಕೊರೊನಾ ಕಾಲದಲ್ಲಿ ಕೊನೇ ಮನೆಯ ಸೊಸೆ ಗಡಿ ದಾಟಿ ಹೋದದ್ದನ್ನು ಊರಿನವರು ಈಗಲೂ ಹೇಳುತ್ತಾರೆ. ಹೇಳುವಾಗ ನನ್ನನ್ನು ಮುಂದಕ್ಕೆ ತರುತ್ತಾರೆ, ಸಂಘದಲ್ಲಿ ಕುರ್ಚಿ ಹಾಕಿಕೊಂಡು ಕೂರುವವನು ನಾನು ಅನ್ನುವ ಕಾರಣಕ್ಕೆ. ಅದು ಸರಿಯಲ್ಲ, ಮಾಡಿದ್ದು ನನ್ನವಳು. ಕನ್ನಡ ಸ್ಕೂಲಿನಲ್ಲಿ ಹತ್ತನೇ ತರಗತಿಯವರೆಗೆ ಓದಿದ್ದೇನೆ, ಇಷ್ಟು ಬರೆಯಲು ಸಾಕು ಅಂದುಕೊಂಡಿದ್ದೇನೆ.

ನಮ್ಮೂರು ಇರುವುದು ತಮಿಳುನಾಡಿನ ತಳಿಯಿಂದ ಕರ್ನಾಟಕದ ಗಡಿಗೆ ಹೋಗುವ ದಾರಿಯಲ್ಲಿ. ಆ ವರ್ಷ ಹೊಸೂರಿನ ಕಾರ್ಖಾನೆಗಳು ಮುಚ್ಚಿದಾಗ ಬೆಳಿಗ್ಗೆ ಕಂಪನಿ ಬಸ್ಸು ಹತ್ತುತ್ತಿದ್ದ ಗಂಡಸರೆಲ್ಲ ಮನೆಯಲ್ಲಿ ಉಳಿದರು. ಕೋಸು ಹೊಲದಲ್ಲೇ ಕೊಳೆಯಿತು. ಹೂವು ಕೇಳುವವರಿರಲಿಲ್ಲ. ಹಾಲು ಮಾತ್ರ ನಿಲ್ಲಲಿಲ್ಲ. "ಕೆಚ್ಚಲಿಗೆ ಲಾಕ್‌ಡೌನು ಅಂತ ಹೇಳಕಾಯ್ತದಾ?" ಎಂದಳು ನನ್ನವಳು. ಸಂಘದ ಮುಂದೆ ಸುಣ್ಣದಲ್ಲಿ ವೃತ್ತಗಳನ್ನು ಬರೆದೆವು, ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದೆವು.

ರಸ್ತೆಗಿಳಿದವರಿಗೆಲ್ಲ ಪೊಲೀಸರ ಲಾಠಿ ಬೀಳುತ್ತಿತ್ತು. ಕೈಯಲ್ಲಿ ಹಾಲಿನ ಕ್ಯಾನು ಇದ್ದವರನ್ನು ಮಾತ್ರ ಕೇಳುತ್ತಿರಲಿಲ್ಲ. ಇದು ಗೊತ್ತಾದ ಮೇಲೆ, ಹುಟ್ಟಿದಾಗಿನಿಂದ ಸಂಘದ ಮುಖ ನೋಡದ ಗಂಡಸರೆಲ್ಲ ಹೆಂಡತಿಯರ ಕೈಯಿಂದ ಕ್ಯಾನು ಕಿತ್ತುಕೊಂಡು ಬರತೊಡಗಿದರು. ಹಾಲು ಹಾಕಿ, ಖಾಲಿ ಕ್ಯಾನು ತೂಗಾಡಿಸಿಕೊಂಡು, ಅತ್ತ ಕೆರೆ ಏರಿ, ಇತ್ತ ಬೀಡಿ ಅಂಗಡಿ ಸುತ್ತಿ ಮನೆ ಸೇರುತ್ತಿದ್ದರು. ಒಬ್ಬನನ್ನು ನನ್ನವಳು ತಡೆದು ಕೇಳಿದಳು: "ಏನ್ಲಾ, ನಿಮ್ಮನೆ ಹಸ ಬತ್ತೋಗಿ ಎಷ್ಟ್ ದಿನ ಆಯ್ತು, ಯಾವ್ ಹಾಲ್ಲಾ ತತ್ತಾ ಇದೀಯ?"

"ಕ್ಯಾನಿಗೂ ಒಸಿ ಗಾಳಿ ಬ್ಯಾಡ್ವಾ ಅಕ್ಕ?" ಅಂದ ಅವನು. ನಾವೆಲ್ಲ ನಕ್ಕೆವು.

ಆ ನಗುವಿನ ನಡುವೆ ಅವಳೇ ಮೊದಲು ಹೇಳಿದ್ದು. ಹಾಲು ಸೋಸುತ್ತ ಸೋಸುತ್ತ ಹೊರಗಿನ ಸಾಲನ್ನು ನೋಡಿ, "ಇಲ್ಲೊಬ್ಳಾದ್ರೂ ಹೆಂಗ್ಸು ಅವ್ಳಾ ನೋಡಿ," ಎಂದಳು. ಇರಲಿಲ್ಲ. ಮೊದಲೆಲ್ಲ ಬೆಳಿಗ್ಗೆ ಸಂಜೆ ಆ ಜಗಲಿಯ ಮೇಲೆ ಹೆಂಗಸರದೇ ರಾಜ್ಯ. ಅತ್ತೆಯ ಮೇಲೆ ಒಂದು ಮಾತು, ಗಂಡನ ಮೇಲೆ ಒಂದು ಮಾತು, ಮಂಡಿನೋವಿನ ಮೇಲೆ ಒಂದು ಮಾತು ಆಡಿ, ಕ್ಯಾನು ತೊಳೆದುಕೊಂಡು ಹೋಗುತ್ತಿದ್ದರು. ಅವರು ಮನೆಯಿಂದ ಹೊರಬೀಳುತ್ತಿದ್ದದ್ದೇ ಆಗ. ಅದನ್ನೂ ಗಂಡಸರು ನಾವು ಕಿತ್ತುಕೊಂಡಿದ್ದೆವು.

ಕೊನೇ ಮನೆಯ ಹಾಲಿನಲ್ಲಿ ಫ್ಯಾಟು ಇಳಿದದ್ದು ಆ ದಿನಗಳಲ್ಲೇ.

ಊರು ಮುಗಿದು ರಾಗಿ ಹೊಲ ಶುರುವಾಗುವಲ್ಲಿ ಆ ಮನೆ. ಗಂಡನಿಗೆ ಹೊಸೂರಿನ ಕಂಪನಿಯೊಂದರಲ್ಲಿ ಕೆಲಸ. ಅತ್ತೆ ಮಾವ ಇಲ್ಲ, ಮಕ್ಕಳು ಇನ್ನೂ ಆಗಿರಲಿಲ್ಲ. ಸೊಸೆ ಗಡಿಯಾಚೆಯ ಹಳ್ಳಿಯವಳು. ನಮ್ಮ ದಿಣ್ಣೆಯ ಮೇಲೆ ನಿಂತರೆ ಅವಳ ತವರಿನ ತೆಂಗಿನ ಮರಗಳು ಕಾಣುತ್ತವೆ. ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಒಂದು ಕಡಸನ್ನು ಅವಳ ಜೊತೆ ಕಳಿಸಿದ್ದರು. ಹಣೆಯ ಮೇಲೆ ಬಿಳಿ ಮಚ್ಚೆ ಇದ್ದ ಅದನ್ನು ಅವಳು ಚುಕ್ಕಿ ಅನ್ನುತ್ತಿದ್ದಳು. ಅದು ದೊಡ್ಡದಾಗಿ, ಕರು ಹಾಕಿ, ಆ ಮನೆಗೆ ಹಾಲಾಗಿತ್ತು. ಒಳ್ಳೆ ಹಸು. ಆದರೆ ಅವಳ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಇಳಿಸುತ್ತಿರಲಿಲ್ಲ.

ಈಗ ಗಂಡ ತರುತ್ತಿದ್ದ ಹಾಲು ದಿನದಿನಕ್ಕೆ ಕಡಿಮೆಯಾಯಿತು. ಫ್ಯಾಟು ಕೆಳಗಿಳಿಯಿತು. ನನಗೆ ಮೊದಲು ಬಂದದ್ದು ನೀರಿನ ಅನುಮಾನ. ಲ್ಯಾಕ್ಟೋಮೀಟರ್ ಬಿಟ್ಟು ನೋಡಿದೆ. ನೀರು ಬೆರೆತಿದ್ದರೆ ಅದು ಮುಳುಗಬೇಕು. ಮುಳುಗಲಿಲ್ಲ, ಒಂದು ಗೆರೆ ಮೇಲೇ ನಿಂತಿತು. ಕೆನೆ ತೆಗೆದಿದ್ದಾನಾ ಎಂದರೆ, ಹಾಲು ಇನ್ನೂ ಬೆಚ್ಚಗಿದೆ, ಮೇಲೆ ನೊರೆ ಇದೆ. ಹಿಂಡಿದ ಕೂಡಲೇ ಕೆನೆ ಕಟ್ಟುವುದಿಲ್ಲ.

ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದ್ರಲ್ಲಿ ನೀರಿಲ್ಲ, ಕೆನೇನೂ ತೆಗ್ದಿಲ್ಲ. ಏನೋ ತಿಳೀತಿಲ್ಲ," ಎಂದೆ.

"ಮುಂಚೆ ಬರೋ ಹಾಲು ತೆಳು, ಕಡೇಗ್ ಬರೋದು ಗಟ್ಟಿ," ಎಂದಳು ಅವಳು, ಕ್ಯಾನು ತೊಳೆಯುತ್ತ. "ಕಡೇ ಹಾಲ್ನ ಹಸ ಕೊಡ್ತಾ ಇಲ್ಲ. ಒಳ್ಗೇ ಇಟ್ಕೊಂತಾ ಐತೆ. ಅಂದ್ರೆ ಹಿಂಡ್ತಾ ಇರೋದು ಅವ್ಳಲ್ಲ."

ಅದೇ ವಾರ ಗಂಡಸರ ಸಾಲಿನಲ್ಲಿ ಹೊಸ ನಗೆಮಾತೊಂದು ಓಡಾಡಿತು. ಕೊನೇ ಮನೆಯವನು ಹೆಂಡತಿಯ ಸೀರೆ ಹೊದ್ದುಕೊಂಡು ಕೊಟ್ಟಿಗೆಗೆ ಹೋಗುತ್ತಾನಂತೆ. ನಮ್ಮ ಕಡೆ ಇದು ಹೊಸದಲ್ಲ. ಮನೆಯಾಕೆ ಮದುವೆಗೆ ಹೋಗಿದ್ದರೆ, ಬಾಣಂತಿಯಾಗಿದ್ದರೆ, ಹಿಂಡುವವರು ಅವಳ ಸೀರೆ ಸುತ್ತಿಕೊಂಡು ಕೂರುತ್ತಾರೆ. ವಾಸನೆಗೆ ಹಸು ಮೋಸಹೋಗುತ್ತದೆ ಅಂತ. ಎಲ್ಲರೂ ನಕ್ಕರು. ನನ್ನವಳು ನಗಲಿಲ್ಲ.

"ಅವ್ಳು ಊರಲ್ಲೇ ಅವ್ಳೆ. ದಾರಿಗೆ ಮಣ್ ಹಾಕವ್ರೆ, ತವ್ರಿಗೆ ಹೋಗಕಾಗಲ್ಲ. ಹುಷಾರಿಲ್ಲ ಅಂತಾನೂ ಅವ್ನು ಹೇಳಿಲ್ಲ. ಹಂಗಿದ್ಮೇಲೆ ಇವ್ನಿಗ್ ಸೀರೆ ಯಾಕೆ?" ಎಂದಳು.

ಮಾರನೇ ದಿನ ಅವಳು ಕಡಲೆಕಾಯಿ ಹಿಂಡಿ ಕೇಳುವ ನೆಪದಲ್ಲಿ ಕೊನೇ ಮನೆಗೆ ಹೋದಳು. ಬೇಲಿಗೆ ಅಡ್ಡ ಜಾಲಿಮುಳ್ಳು ಎಳೆದಿತ್ತು. "ಕೊರೊನಾ ಅಕ್ಕ, ಯಾರ್ನೂ ಒಳಗ್ ಬಿಡಲ್ಲ," ಎಂದನಂತೆ ಅವನು, ನಗುತ್ತಲೇ. ಅವಳು ಮನೆಗೆ ಬಂದು ಸಹಾಯವಾಣಿಗೆ ಫೋನು ಮಾಡಿದಳು. ಜೀಪಿನಲ್ಲಿ ಒಬ್ಬ ಮಹಿಳಾ ಪೊಲೀಸು ಬಂದರು. ಬಾಗಿಲಲ್ಲಿ ಗಂಡ ನಿಂತಿದ್ದ, ಅವನ ಹೆಗಲ ಹಿಂದೆ ಸೊಸೆ. ಬಟ್ಟೆ ಸುತ್ತಿದ್ದ ಕೈಗೆ ಏನಾಯಿತು ಎಂದು ಕೇಳಿದ್ದಕ್ಕೆ "ಜಾರ್ ಬಿದ್ದೆ" ಎಂದಳಂತೆ.

ಹಿಂದಿರುಗುವಾಗ ಆ ಪೊಲೀಸಮ್ಮ ಸಂಘದ ಹತ್ತಿರ ಜೀಪು ನಿಲ್ಲಿಸಿ ತಮಿಳು ಕನ್ನಡ ಬೆರೆಸಿ ಹೇಳಿದರು: "ಪುರುಷನ್ ಪಕ್ಕದಲ್ಲಿ ನಿಂತ್ಕೊಂಡ್ರೆ ಯಾವ ಪೊಣ್ಣು ಹೇಳ್ತಾಳಮ್ಮಾ? ತನಿಯಾ ಪೇಸಣುಂ, ಒಂಟಿಯಾಗಿ ಮಾತಾಡ್ಬೇಕು. ಅವಳೊಬ್ಳೇ ಸಿಕ್ಕಿದ್ರೆ ನನಗೆ ಫೋನ್ ಮಾಡಿ." ನಂಬರು ಕೊಟ್ಟು ಹೋದರು.

ಆಮೇಲೆ ಕೊನೇ ಮನೆಯಿಂದ ಹಾಲೇ ಬರಲಿಲ್ಲ. ಬೆಳಿಗ್ಗೆ ಬರಲಿಲ್ಲ, ಸಂಜೆಯೂ ಬರಲಿಲ್ಲ. ನನ್ನವಳು ಊಟಕ್ಕೆ ಕೂತು ಮುದ್ದೆ ಮುರಿದು ಹಾಗೇ ಬಿಟ್ಟಳು. "ನಾನ್ ಪೊಲೀಸ್ನೋರ್ನ ಕಳ್ಸಿ ಅವ್ಳಿಗೇನ್ ಮಾಡ್ಬುಟ್ನೋ," ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. "ಮುದ್ದೆ ತಿಂದಿಲ್ಲ, ಸಾರ್ ಯಾಕೆ ಸುರೀತೀರ?" ಎಂದು ಬೈದಳು. ಬೈದಳಲ್ಲ ಅಂತ ನನಗೆ ಸ್ವಲ್ಪ ಸಮಾಧಾನವಾಯಿತು.

ಮತ್ತೆ ಹಾಲು ಬಂದಾಗ ಅದು ಕ್ಯಾನಿನ ತಳದಲ್ಲಿತ್ತು. ಆ ಮಧ್ಯಾಹ್ನವೇ ಅವಳು ತೀರ್ಮಾನ ಹೇಳಿದ್ದು.

"ಇನ್ಮೇಲೆ ಹಿಂಡ್ದ ಕೈಯೇ ಹಾಲ್ ತರ್ಬೇಕು. ಬೇರೆ ಕೈ ತಂದ್ರೆ ಅಳ್ಯಲ್ಲ."

"ಸಂಘದ್ ರೂಲ್ಸಲ್ಲಿ ಹಂಗೇನಿಲ್ಲ ಕಣೇ."

"ಇಲ್ದಿದ್ರೆ ಮಾಡಿ. ನಿಮ್ ಸುಣ್ಣದ್ ವೃತ್ತಾನೂ ರೂಲ್ಸಲ್ಲಿ ಇರ್ಲಿಲ್ಲ."

"ಅವ್ನೊಬ್ನಿಗೆ ಹೇಳಿದ್ರೆ ಸಾಲ್ದಾ?"

"ಅವ್ನೊಬ್ನಿಗ್ ಹೇಳಿದ್ರೆ ಆ ಸಿಟ್ಟು ಯಾರ್ ಮೇಲ್ ತೀರಿಸ್ಕೊಂತಾನೆ? ಊರಿಗೆಲ್ಲ ಹೇಳಿ."

ಸಂಘದ ಅಧ್ಯಕ್ಷರು ವಯಸ್ಸಾದವರು, ಸೋಂಕಿಗೆ ಹೆದರಿದವರು. ಅವರ ಮುಂದೆ ಅವಳು ದೂರ ನಿಂತು, ಹಾಲು ಕೈಯಿಂದ ಕೈಗೆ ಹೋದಷ್ಟೂ ಅಪಾಯ, ಗಂಡಸರು ಕ್ಯಾನು ಹಿಡಿದು ಊರೆಲ್ಲ ಸುತ್ತಿ ಬರುತ್ತಾರೆ ಎಂದು ಹೇಳಿದಳು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ತಕ್ಷಣ ಒಪ್ಪಿದರು.

ಗಂಡಸರು ಗೊಣಗಿದರು. "ನಮ್ಗೂ ಮನೇಲಿ ಉಸಿರ್ ಕಟ್ತದೆ ಅಕ್ಕ," ಎಂದ ಒಬ್ಬ. "ಹಂಗಾರೆ ಹಿಂಡೋದ್ ಕಲ್ತ್ಕೊ," ಎಂದಳು. ಖಾಲಿ ಕ್ಯಾನಿಗೆ ಗಾಳಿ ಕುಡಿಸುತ್ತಿದ್ದವನು ಪಕ್ಕದ ಮನೆಯ ಮುದುಕಿಯ ಹಸುವಿನಲ್ಲಿ ನಿಜವಾಗಿಯೂ ಕಲಿತ. ಅಂಗಿಯ ಮೇಲೆಲ್ಲ ಹಾಲು ಚೆಲ್ಲಿಕೊಂಡು, ಮದುವೆ ಗಂಡಿನ ಹಾಗೆ ಬಂದು ಸಾಲಿನಲ್ಲಿ ನಿಂತ. ಮಿಕ್ಕ ವೃತ್ತಗಳಲ್ಲಿ ಹೆಂಗಸರು ತುಂಬಿದರು. ಮುಖಕ್ಕೆ ಸೆರಗು ಕಟ್ಟಿಕೊಂಡಿದ್ದರೂ ಮಾತಿಗೇನೂ ಅಡ್ಡಿಯಾಗಲಿಲ್ಲ.

ಕೊನೇ ಮನೆಯವನು ಮಾತ್ರ ತಾನೇ ಬಂದ. "ನಮ್ಮನೇಲಿ ನಾನೇ ಹಿಂಡೋದು," ಎಂದ. ನಿಜವೇ. ನಾನು ಹಾಲು ಪರೀಕ್ಷೆಗೆ ಹಾಕಿ ಅವನಿಗೇ ತೋರಿಸಿದೆ. ಸಂಘ ತೆಗೆದುಕೊಳ್ಳಬಹುದಾದ ಮಟ್ಟಕ್ಕಿಂತ ಕೆಳಗಿತ್ತು. "ಇದು ನಡ್ಯಲ್ಲಪ್ಪ. ಹಸ ಕಡೇ ಹಾಲು ಬಿಡ್ತಿಲ್ಲ. ಮುಂಚೆ ಹಿಂಡ್ತಿದ್ದೋಳ್ನೇ ಕೂರ್ಸಿ ಹಿಂಡ್ಸು, ಅವ್ಳ ಕೈಲೇ ಕಳ್ಸು," ಎಂದೆ. ಹಾಲು ವಾಪಸು ತೆಗೆದುಕೊಂಡು ಹೋದ. ಅಂದು ಸಂಜೆ ಬರುವ ತನಕ ನಮ್ಮಿಬ್ಬರಿಗೂ ಜೀವದಲ್ಲಿ ಜೀವವಿರಲಿಲ್ಲ.

ಸಂಜೆ ಅವಳು ಬಂದಳು. ಕ್ಯಾನು ಎಡಗೈಯಲ್ಲಿತ್ತು. ಬಲಗೈ ಮಣಿಕಟ್ಟಿಗೆ ಹಳೇ ಪಂಚೆಯ ತುಂಡು ಸುತ್ತಿತ್ತು. ಗಂಡ ಹಿಂದೆಯೇ ಬಂದು ಹಗ್ಗದ ಹೊರಗೆ ನಿಂತ. ನನ್ನವಳು ಅವಳ ಮುಖ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ. ಎಲ್ಲರಿಗೂ ಹೇಳುವ ಹಾಗೆ, "ಹಿಂದುಗಡೆ ಹೋಗಿ ಸೋಪ್ ಹಾಕಿ ಕೈ ತೊಳ್ಕೊಂಡ್ ಬಾ," ಎಂದಳು.

ಸೋಪು, ನೀರಿನ ಡ್ರಮ್ಮು ಯಾವಾಗಲೂ ಸಂಘದ ಮುಂದೆಯೇ ಇರುತ್ತಿದ್ದವು. ಬೆಳಿಗ್ಗೆ ಅವಳು ಅವನ್ನು ಗೋಡೆಯ ಹಿಂದಕ್ಕೆ ಉರುಳಿಸಿದ್ದಳು. ಯಾಕೆ ಅಂದರೆ ಮುಂದೆ ಕೆಸರಾಗುತ್ತೆ ಅಂದಿದ್ದಳು. ನಾನೂ ನಂಬಿದ್ದೆ.

ಅವಳ ಹಿಂದೆಯೇ ನನ್ನವಳೂ ಹೋದಳು. ನನ್ನ ಮೇಜಿನ ಮೇಲಿನ ಕಿಂಡಿಯಿಂದ ಮಾತು ಕೇಳಿಸುತ್ತಿತ್ತು.

"ಕೈಗೇನಾಯ್ತಮ್ಮಿ?"

"ಬಾಗ್ಲಿಗ್ ಸಿಕ್ಕಾಕ್ಕೊಂತು ಅಕ್ಕ."

"ಬಾಗ್ಲು ಅದ್ರಷ್ಟಕ್ಕೇ ಮುಚ್ಕೊಂತಾ, ಯಾರಾನ ಮುಚ್ಚಿದ್ರಾ?"

ಬಹಳ ಹೊತ್ತು ನೀರು ಬಿತ್ತು.

"ಮುಚ್ಚಿದ್ರು," ಎಂದಳು.

ಹೊರಗೆ ಗಂಡ ಕತ್ತು ಚಾಚಿದ. ನಾನು ಅವನ ಹಾಲಿನ ಸ್ಯಾಂಪಲನ್ನೇ ಇನ್ನೊಮ್ಮೆ ಪರೀಕ್ಷೆಗಿಟ್ಟೆ. ಮೆಷಿನಿಗೆ ಅವಸರವಿರಲಿಲ್ಲ. ಗೋಡೆಯ ಹಿಂದೆ ನನ್ನವಳು ಪೊಲೀಸಮ್ಮನಿಗೆ ಫೋನು ಹಚ್ಚಿ ಅವಳ ಕಿವಿಗೆ ಹಿಡಿದಳು. ಹುಡುಗಿ ಎಲ್ಲವನ್ನೂ ಹೇಳಿದಳು, ಮೆಲ್ಲಗೆ, ಅಳದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಾಗಿಲು ಅದರಲ್ಲಿ ಸಣ್ಣದು.

ಪೊಲೀಸಮ್ಮ ಅವಳನ್ನು ಸುರಕ್ಷಿತವಾದ ಹಾಸ್ಟೆಲಿಗೆ ಸೇರಿಸುತ್ತೇನೆ ಎಂದರಂತೆ. ಅವಳು ಒಪ್ಪಲಿಲ್ಲ. "ತವ್ರಿಗ್ ಹೋಯ್ತೀನಿ. ಚುಕ್ಕೀನ್ ಬಿಟ್ಟು ಎಲ್ಗೂ ಹೋಗಲ್ಲ. ನಾನ್ ಹೋದ್ರೆ ಅವ್ನು ಅದ್ನ ಹೊಡೀತಾನೆ. ಈಗ್ಲೇ ಹಾಲು ಇಳಿಸ್ಲಿಲ್ಲ ಅಂತ ಹೊಡೀತಾನೆ," ಎಂದಳು. ಹಾಸ್ಟೆಲಿನಲ್ಲಿ ಹಸುವಿಗೆ ಜಾಗ ಇರಲಿಲ್ಲ. ತವರಿನ ದಾರಿಗೆ ಅಡ್ಡ, ಗಡಿ ಮುಚ್ಚಲು ಸುರಿದ ಆಳೆತ್ತರದ ಮಣ್ಣಿನ ಗುಡ್ಡೆ ಇತ್ತು. ಮನುಷ್ಯರು ಹೊಲದಲ್ಲಿ ನುಸುಳಿ ಹೋಗಬಹುದಿತ್ತು. ಬದುವಿಗೆಲ್ಲ ಆನೆ ಬಾರದಂತೆ ತೋಡಿದ ಕಂದಕ, ಹಸು ಇಳಿದು ಹತ್ತುವ ಹಾಗಿರಲಿಲ್ಲ.

ಅವತ್ತು ಮನೆಯಲ್ಲಿ ನನ್ನವಳು ಕೇಳಿದಳು: "ಆ ಹಸಿನ್ ಹಾಲು ಕೆಟ್ಟೈತೆ, ಡಾಕ್ಟರ್ಗೆ ತೋರಿಸ್ಬೇಕು ಅಂತ ಹೇಳಿ ನಾಳೆ. ಹೊರಗ್ ಬಂದ್ರೆ ಸಾಕು."

"ಕೆಡ್ದೆ ಇರೋ ಹಾಲ್ನ ಕೆಟ್ಟೈತೆ ಅಂತ ನಾನ್ ಹೇಳಲ್ಲ," ಎಂದೆ. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಒಂದು ಸುಳ್ಳನ್ನೂ ಹೇಳಿದವನಲ್ಲ. ಅವಳು ಜಗಳವಾಡಲಿಲ್ಲ. "ಆಯ್ತು, ಹೇಳ್ಬ್ಯಾಡಿ," ಎಂದು ಸುಮ್ಮನಾದಳು. ಅವಳು ಸುಮ್ಮನಾದರೆ ನನಗೆ ನಿದ್ದೆ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಹೇಳಿಬಿಡುತ್ತೇನೆ ಅಂತ ಬೆಳಗಾಗುವುದರೊಳಗೆ ನಾನು ಮನಸ್ಸು ಮಾಡಿಕೊಂಡಿದ್ದೆ.

ಸುಳ್ಳು ಹೇಳಬೇಕಾಗಲಿಲ್ಲ. ಬೆಳಿಗ್ಗೆ ಹುಡುಗಿ ತಂದ ಹಾಲನ್ನು ಸೋಸುವ ಬಟ್ಟೆಗೆ ಸುರಿದಾಗ ಬಟ್ಟೆಯ ಮೇಲೆ ಸಣ್ಣ ಸಣ್ಣ ಗರಣೆಗಳು ನಿಂತವು. ಇಷ್ಟು ದಿನ ಒಳಗೇ ಉಳಿದ ಹಾಲು ತನ್ನ ಕೆಲಸ ಮಾಡಿತ್ತು. ಕೆಚ್ಚಲು ಬಾವು. ನನ್ನವಳು ಬಟ್ಟೆಯನ್ನು ನನ್ನ ಮುಂದೆ ಹರಡಿ ಹೋದಳು. ಮುಖದಲ್ಲಿ ನಗು ಇತ್ತು ಅಂತ ಈಗಲೂ ನನ್ನ ಅನುಮಾನ.

ಹೊರಗೆ ಹೋಗಿ ಗಂಡನಿಗೆ ಬಟ್ಟೆ ತೋರಿಸಿದೆ. "ಬಾವು ಬಂದೈತೆ. ಇವತ್ತೇ ಡಾಕ್ಟರ್ಗೆ ತೋರಿಸ್ದಿದ್ರೆ ಮೊಲೆ ಬತ್ತೋಯ್ತದೆ," ಎಂದೆ. ಯಾವ ಕಡೆಯ ಡಾಕ್ಟರು ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನ ಬೈಕನ್ನು ಪೊಲೀಸರು ಆಗಲೇ ಹಿಡಿದಿದ್ದರು, ಬೆನ್ನಿಗೂ ಲಾಠಿ ಬಿದ್ದಿತ್ತು. ರಸ್ತೆಗೆ ಹೋಗಲು ಅವನಿಗೆ ಹೆದರಿಕೆ. "ಹೆಂಗಸ್ರು ಹೊಡ್ಕೊಂಡು ಹೋಗ್ಲಿ, ನಾನೂ ಜೊತೇಲಿ ಹೋಯ್ತೀನಿ," ಎಂದಳು ನನ್ನವಳು. ಅವನು ಹೂಂ ಅಂದ.

ಚುಕ್ಕಿ, ಅದರ ಹಿಂದೆ ಕರು, ಅದರ ಹಿಂದೆ ಇಬ್ಬರು ಹೆಂಗಸರು. ಸಂಘದ ಮುಂದೆ ಹಾದು ಹೋದರು. ಹುಡುಗಿ ಮನೆಯಿಂದ ಏನನ್ನೂ ತಂದಿರಲಿಲ್ಲ. ನನ್ನವಳು ಹೋಗುತ್ತ, "ಈಯಪ್ಪಂಗೊಂದ್ ಟೀ ಕಾಸ್ಕೊಡಿ," ಎಂದು ಹುಡುಗಿಯ ಗಂಡನ ಕಡೆ ಕೈ ತೋರಿದಳು. ಅವನನ್ನು ಇಲ್ಲೇ ಕೂರಿಸಿಕೊಳ್ಳುವುದು ನನ್ನ ಪಾಲಿನ ಕೆಲಸ ಅಂತ ಅರ್ಥವಾಯಿತು.

ಟೀ ಕಾಸಿದೆ. ಅವನು ಜಗಲಿಯ ಮೇಲೆ ಕೂತ. ಕಂಪನಿ ಯಾವಾಗ ತೆಗೆಯುತ್ತಾರೆ, ತೆಗೆದರೂ ಹಳಬರನ್ನು ಕರೆಯುತ್ತಾರಾ ಎಂದು ಕೇಳಿದ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿದೆ ಎಂದ. "ಅವ್ಳ್ ಬಾಯಿ ಜೋರು ಅಣ್ಣ," ಎಂದ. ಹಿಂದಿನ ದಿನ ಕಿಂಡಿಯಿಂದ ಕೇಳಿದ ದನಿ ನನ್ನ ಕಿವಿಯಲ್ಲಿತ್ತು. ಅದಕ್ಕಿಂತ ಮೆತ್ತನೆಯ ದನಿಯನ್ನು ನಾನು ಕೇಳಿಲ್ಲ. ಕ್ಯಾನುಗಳನ್ನು ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಗುಡ್ಡೆಯ ಹತ್ತಿರ ನಡೆದದ್ದನ್ನು ನನ್ನವಳು ಆಮೇಲೆ ಹೇಳಿದಳು. ಫೋನು ಹೋದ ಕೂಡಲೇ ಆಚೆ ಕಡೆ ಹುಡುಗಿಯ ಅಣ್ಣ ಗುದ್ದಲಿ ತಂದು, ಗುಡ್ಡೆಯ ಒಂದು ಮಗ್ಗುಲನ್ನು ಕಡಿದು ದಾರಿ ಬಿಡಿಸಿದ್ದ. ಪೊಲೀಸಮ್ಮ ಮೊದಲೇ ಎರಡೂ ಕಡೆಯ ಕಾವಲಿನವರ ಜೊತೆ ಮಾತಾಡಿದ್ದರು. ಆದರೆ ಚುಕ್ಕಿ ಹತ್ತಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿತ್ತು, ಕಾಲು ಅಗಲಿಸಿ ನಿಂತುಬಿಟ್ಟಿತು. ಎಳೆದರೆ ನರಳಿತು. ಹುಡುಗಿ ಅಲ್ಲೇ ಮಣ್ಣಿನಲ್ಲಿ ಕೂತು ಎಡಗೈಯಲ್ಲಿ ಹಿಂಡಲು ನೋಡಿದಳು. ಬಿಗಿದ ಕೆಚ್ಚಲಿಗೆ ಒಂದೇ ಕೈ ಸಾಲಲಿಲ್ಲ. ನನ್ನವಳು ಅವಳ ಬಲಕ್ಕೆ ಒತ್ತಿ ಕೂತು, "ನಿನ್ ಬಲಗೈ ನಾನು," ಎಂದಳಂತೆ. ಅವಳ ಎಡಗೈ, ಇವಳ ಬಲಗೈ. ಹಸು ಒಮ್ಮೆ ಹಿಂತಿರುಗಿ ಮೂಸಿತು. ಆಮೇಲೆ ಇಳಿಸಿತು. ಕೆಟ್ಟ ಹಾಲೆಲ್ಲ ಹೋಗಿ, ಕಡೇ ಹಾಲು ಬರುವ ತನಕ ಇಬ್ಬರೂ ಮಣ್ಣಿಗೆ ಹಿಂಡಿದರು. ಹಗುರಾದ ಮೇಲೆ ಅದು ತಾನಾಗಿಯೇ ಗುಡ್ಡೆ ಹತ್ತಿತು.

ನನ್ನವಳು ಒಬ್ಬಳೇ ನಡೆದು ಬರುವುದನ್ನು ಅವನು ಜಗಲಿಯಿಂದಲೇ ನೋಡಿದ. ಎದ್ದು ನಿಂತ.

"ಹಸ ಎಲ್ಲಿ?" ಎಂದ.

ಅವಳು ಹತ್ತಿರ ಬಂದು, ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದಳು: "ಹಸ ತವ್ರಿಗೋಯ್ತು. ಜೊತೇಲಿ ನಿನ್ನೆಂಡ್ತೀನೂ ಹೋದ್ಲು, ನೀನ್ ಕೇಳ್ಲಿಲ್ಲ."

ಅವನು ಅರಚಾಡಿದ. ಗಡಿಗೆ ಓಡಿದ, ಕಾವಲಿನವರು ಅಟ್ಟಿದರು. ಸಂಜೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ನಾವು ಹಸು ಕದ್ದು ಸಾಗಿಸಿದೆವು ಎಂದ. ಹಾಲು ತಂದ ಹೆಂಗಸರೆಲ್ಲ ವೃತ್ತಗಳಲ್ಲಿ ನಿಂತಿದ್ದರು. "ಅದು ಅವ್ಳ ಬಳುವಳಿ ಹಸ ಕಣಪ್ಪ," ಎಂದಳು ಮೊದಲ ವೃತ್ತದವಳು. "ಹೌದು," ಎಂದಳು ಹಿಂದಿನವಳು. ಹಾಗೇ ಒಂದೊಂದೇ ವೃತ್ತದಿಂದ ಹೌದು ಬಂತು. ಕಟ್ಟಿಕೊಂಡು ಬಂದವರು ಚದುರಿದರು. ಮುಂದೆ ಕೇಸು ನಡೆಯಿತು, ಬೇರೆಯಾದರು. ಅವನು ಮನೆ ಮಾರಿ ಊರು ಬಿಟ್ಟ. ಹಿಂಡಿದ ಕೈಯೇ ತರಬೇಕೆಂಬ ನಿಯಮವನ್ನು ಯಾರೂ ತೆಗೆಯಲಿಲ್ಲ, ಕೊರೊನಾ ಹೋದ ಮೇಲೂ.

ನನ್ನವಳು ಉದ್ದನಪಲ್ಲಿಯ ಹೆಣ್ಣು. ಹೋದ ವರ್ಷ ಎದೆನೋವು ಅಂದವಳು ಡೆಂಕಣಿಕೋಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಮೂರನೇ ದಿನ ಹಾಲು ತುಪ್ಪ ಬಿಡಲು ಮಣ್ಣು ಮಾಡಿದ ಜಾಗಕ್ಕೆ ಹೋದೆವು. ಅವಳ ಅಣ್ಣಂದಿರು, ನಮ್ಮ ಮಗಳು, ಬಂಧುಗಳು ಸುತ್ತ ನಿಂತಿದ್ದರು. ಆಗ ಬದುವಿನ ಮೇಲೆ ಕೊನೇ ಮನೆಯ ಸೊಸೆ ಬರುವುದು ಕಾಣಿಸಿತು. ಕೈಯಲ್ಲಿ ಬಟ್ಟೆ ಸುತ್ತಿದ ಸ್ಟೀಲ್ ಕ್ಯಾನು. ಬಲಗೈಯ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ, ಆದರೂ ಕ್ಯಾನು ಅದೇ ಕೈಯಲ್ಲಿತ್ತು.

ಹಿರಿಯರೊಬ್ಬರು ತಡೆದರು. "ನೀನ್ಯಾರಮ್ಮ? ಮನೆಯೋರು, ನೆಂಟ್ರು ಬಿಡ್ಬೇಕು. ಬ್ಯಾರೆಯೋರು ಬಿಡಂಗಿಲ್ಲ. ಆ ಕ್ಯಾನು ಇತ್ಲಾಗ್ ಕೊಡು, ನಾವ್ ಬಿಡ್ತೀವಿ."

ಅವಳು ಕ್ಯಾನು ಕೊಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ನನ್ನ ಮುಖ ನೋಡಿದಳು.

"ಚುಕ್ಕೀದಾ?" ಎಂದೆ.

"ಚುಕ್ಕಿ ಮಗಳ್ದು ಅಣ್ಣ. ಬೆಳಿಗ್ಗೆ ನಾನೇ ಹಿಂಡ್ದೆ."

"ಬಿಡ್ಲಿ ಬಿಡಿ," ಎಂದೆ ಹಿರಿಯರಿಗೆ. "ಹಿಂಡ್ದ ಕೈಯೇ ತರ್ಬೇಕು ಅಂತ ರೂಲ್ಸ್ ಮಾಡಿದ್ದು ನನ್ನವ್ಳೇ. ಬೇರೆ ಕೈ ಕೊಟ್ರೆ ತಗಳಲ್ಲ."

ಹಿರಿಯರು ಪಕ್ಕಕ್ಕೆ ಸರಿದರು. ಅವಳು ಬಟ್ಟೆ ಬಿಚ್ಚಿ, ಮಂಡಿಯೂರಿ ಕೂತು, ನಿಧಾನವಾಗಿ ಬಿಟ್ಟಳು. ಹಾಲು ಇನ್ನೂ ಬೆಚ್ಚಗಿತ್ತು, ತಣ್ಣನೆ ಮಣ್ಣಿನಿಂದ ಸ್ವಲ್ಪ ಹಬೆ ಎದ್ದಿತು. ಕ್ಯಾನಿನ ತಳದಲ್ಲಿ ಉಳಿದದ್ದನ್ನೂ ಬೆರಳಿನಿಂದ ಬಳಿದು ಬಿಟ್ಟಳು.